ಎರಡನೇ ಹೆಸರಿಗೆ ಅರವತ್ತು

ಏರ್‌ಪೋರ್ಟಿನ ಗಾಜಿನ ಕೌಂಟರುಗಳಲ್ಲಿ ಸುಲಿಯುತ್ತಾರೆಂದು
ಹಿಲರಿ ನಮ್ಮನ್ನು ಕರೆದೊಯ್ದದ್ದು ಅಲ್ ಕುಸೈಸಿನ ಹಿಂಬೀದಿಗೆ.
ಪಂಕ್ಚರಿನವನಿಗೂ ಸಮೋಸದವನಿಗೂ ನಡುವೆ
ಒಂದು ಮೇಜು, ಎರಡು ಕುರ್ಚಿ,
ಗೋಡೆಯ ಹಲಗೆಯ ತುಂಬ ಬೀಗದ ಕೈ.

ದಿನಕ್ಕೆ ನೂರಿಪ್ಪತ್ತು, ಅಂದ ಗುಲ್ ಜಮಾನ್.
ಎಪ್ಪತ್ತು, ಅಂದ ಹಿಲರಿ.
ಚಹಾ ಬಂತು.
ನೂರು. ಎಂಬತ್ತು. ಜೊವಿಟಾ ನನ್ನ ತೊಡೆಯ ಮೇಲೆ ನಿದ್ದೆಹೋದಳು.
ತೊಂಬತ್ತಕ್ಕೆ ಇಬ್ಬರೂ ಸೋತವರಂತೆ ಮುಖ ಮಾಡಿ
ಕೈ ಕುಲುಕಿದರು.

ಮೇಲಿನ ವಿಮೆ? ಬೇಡ.
ಮಗುವಿನ ಸೀಟು? ಪಕ್ಕದ ಫ್ಲ್ಯಾಟಿನವರದು ಕೇಳಿ ತಂದಿದ್ದೇವೆ.
ಎರಡನೇ ಡ್ರೈವರ್? ದಿನಕ್ಕೆ ಇಪ್ಪತ್ತು,
ಎಂದು ಅವನು ನನ್ನ ಕಡೆ ನೋಡಿದ.
ನನ್ನ ಬ್ಯಾಗಿನ ಒಳಜೇಬಿನಲ್ಲಿ
ಹದಿನೆಂಟು ದಿನದ ಲೈಸೆನ್ಸು ಮಿಸುಕಿತು.
ನಾಲ್ಕು ಸಲ ಫೇಲಾಗಿ ಐದನೆಯದಕ್ಕೆ ಸಿಕ್ಕಿದ್ದು,
ಕ್ಲಿನಿಕ್ಕಿನ ನನ್ನ ಎರಡು ತಿಂಗಳ ಸಂಬಳ ನುಂಗಿದ್ದು.
ಬೇಡ ಬೇಡ, ಅಂದ ಹಿಲರಿ, ನಾನೇ ಓಡಿಸುವುದು.
ಮೂರು ದಿನಕ್ಕೆ ಅರವತ್ತು ಉಳಿಯಿತು.

ಆಮೇಲೆ ಕಾರಿನ ಸುತ್ತ ಪ್ರದಕ್ಷಿಣೆ.
ಕಾಗದದ ಮೇಲೊಂದು ಕಾರಿನ ಚಿತ್ರ,
ಗೀರಿದ್ದಲ್ಲೆಲ್ಲ ಅದಕ್ಕೊಂದು ಕತ್ತರಿ ಗುರುತು.
ಹಿಲರಿ ಬೆರಳಾಡಿಸಿ ಹುಡುಕಿದ, ಮೊಣಕಾಲೂರಿ ಹುಡುಕಿದ,
ನಾನು ಫೋನಿನಲ್ಲಿ ತೆಗೆದೆ: ಹದಿನೇಳು.
ಹಳೇ ಗಾಯ ಎಲ್ಲ ಬರೆಸಿಕೊಂಡರೆ
ಹೊಸದಕ್ಕಷ್ಟೇ ನಾವು ಹೊಣೆ, ಅಂದ.
ನನಗೆ ನಗು ಬಂತು. ಕಾಸರಗೋಡಿನ ಇಗರ್ಜಿಯಲ್ಲಿ
ಒಂಬತ್ತು ವರ್ಷದ ಹಿಂದೆ ಇಬ್ಬರೂ ಸಹಿ ಹಾಕಿದೆವಲ್ಲ,
ಇಂಥದೊಂದು ಚಿತ್ರ ಯಾರೂ ಕೊಡಲಿಲ್ಲ.

ಟೋಲ್ ಗೇಟು ತಪ್ಪಿಸಿ ಮರಳಿನ ಕಡೆಯ ಸುತ್ತು ರಸ್ತೆ.
ಎಂಬತ್ತು ದಾಟಿದರೆ ಪೆಟ್ರೋಲು ಕುಡಿಯುತ್ತದೆಂದು
ಬಲಗೊನೆಯ ಲೇನಿನಲ್ಲಿ, ಲಾರಿಗಳ ಬೆನ್ನಿಗೆ.
ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು, ಸಣ್ಣಗೆ ಉಬ್ಬಿದ ಸನ್ನಾಸು,
ಹಂದಿಯ ಬಫಾತು ಮೂರು ಡಬ್ಬಿ.
ಹೋಟೆಲಿಗೆ ಕೊಡದ ಹಣವನ್ನೂ
ಹಿಲರಿ ದಾರಿಯುದ್ದಕ್ಕೂ ಲೆಕ್ಕಕ್ಕೆ ಸೇರಿಸುತ್ತಿದ್ದ.

ಎರಡನೆಯ ಮಧ್ಯಾಹ್ನ,
ರಾಸ್ ಅಲ್ ಖೈಮಾದ ಒಣಗಿದ ಒಂದು ವಾದಿಯಲ್ಲಿ
ಉಂಡು, ಚಾಪೆ ಹಾಸಿ, ಅಪ್ಪ ಮಗಳು ಗೊರಕೆ.
ಚಪ್ಪಲಿಯೊಳಗೆ ಬೀಗದ ಕೈ.
ಗಾಫ್ ಮರದ ನೆರಳು ಕಾರನ್ನು ಬಿಟ್ಟು
ನಿಧಾನ ಹೊರಟುಹೋಗುತ್ತಿತ್ತು.

ಸೀಟು ಮುಂದಕ್ಕೆಳೆದೆ. ಕನ್ನಡಿ ಬಗ್ಗಿಸಿದೆ.
ಬೆಲ್ಟು ಹಾಕಿದೆ, ಪರೀಕ್ಷೆಯ ಪೊಲೀಸಿನವಳು
ಪಕ್ಕದಲ್ಲೇ ಕೂತಿದ್ದಾಳೆಂಬಂತೆ.
ಇಂಡಿಕೇಟರನ್ನೂ ಹಾಕಿದೆ, ನೋಡಲು ಇದ್ದದ್ದು ಮೂರು ಆಡು.
ಜಲ್ಲಿಕಲ್ಲು ಚಕ್ರದಡಿ ಕಟಕಟ ಮಾತಾಡಿತು.
ನಲವತ್ತು ಅಡಿ. ಹೆಚ್ಚೆಂದರೆ ಐವತ್ತು.
ಇನ್ನೊಂದು ಮರ, ಇನ್ನೊಂದು ನೆರಳು.
ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು
ಕೈ ಬಿಡಲಿಲ್ಲ.

ಸಂಜೆ ಹಿಲರಿ ಹತ್ತಿ ಕೂತಾಗ
ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು.
ಸೀಟು ಯಾಕೆ ಹೀಗೆ?
ನೆರಳು ಸರಿದಿತ್ತು, ಅಂದೆ.
ಅವನು ನೆಲ ನೋಡಿದ, ಚಕ್ರದ ಗುರುತು ನೋಡಿದ,
ಇಳಿದು ಕಾರಿನ ಸುತ್ತ ಒಂದು ಸುತ್ತು ಬಂದ.
ಹದಿನೇಳೇ ಇತ್ತು.
ಶಾರ್ಜಾ ಬರುವವರೆಗೆ ರೇಡಿಯೋ ಒಂದೇ ಮಾತಾಡಿತು.

ಮೂರನೆಯ ರಾತ್ರಿ ಕಾರು ಒಪ್ಪಿಸಿದೆವು.
ಠೇವಣಿ ಪೂರ್ತಿ ವಾಪಸು. ನೋಟುಗಳನ್ನು
ಎರಡೆರಡು ಸಲ ಎಣಿಸಿ ಹಿಲರಿ ಜೇಬಿಗಿಳಿಸಿದ,
ಸಮೋಸ ಕಟ್ಟಿಸಲು ಪಕ್ಕದಂಗಡಿಗೆ ಹೋದ.

ಮುಂದಿನ ಈದಿಗೂ ಬನ್ನಿ ಬೆಹನ್, ಅಂದ ಗುಲ್ ಜಮಾನ್,
ಎರಡನೇ ಹೆಸರು ನಿಮಗೆ ಪುಕ್ಕಟೆ.

ಕುರ್ಚಿ ಎಳೆದು ಕೂತೆ.
ಮೊದಲನೇ ಹೆಸರಿಗೆ ಎಷ್ಟು, ಕೇಳಿದೆ.

ಅವನು ಚಹಾಕ್ಕೆ ಹೇಳಿದ.